ಹಿಂದಿನ ಚಕ್ರದ ಗಿರಾಕಿ

ಆ ಕರಕರ ಸದ್ದು ಬೀದಿ ತಿರುವಿನಲ್ಲಿ ಕೇಳಿದ ಕೂಡಲೇ ನನ್ನ ಎದೆ ಧಸಕ್ಕಂತು. ಬಂದ, ಹಾಳಾದವನು, ಮತ್ತೆ ಬಂದ! ಹೋದ ವಾರ ತಾನೇ ಆ ಸೈಕಲ್ಲಿನ ಹಿಂದಿನ ಚಕ್ರ ಕಳಚಿ, ನಡುವಿನ ಹಬ್ ಬಿಚ್ಚಿ, ಒಳಗಿನ ಗುಂಡುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸು ತುಂಬಿ ಕಳಿಸಿದ್ದೆ. ಅದರ ಹಿಂದಿನ ವಾರವೂ ಅಷ್ಟೇ. ಅದಕ್ಕೂ ಹಿಂದಿನ ವಾರದ ಕಥೆ ಕೇಳಲೇಬೇಡಿ.

ಬೇರೆ ದಿನ ಆಗಿದ್ರೆ ಒಳಗೊಳಗೇ ಕುಣೀತಿದ್ದೆ. ಯಾಕಂದ್ರೆ ಆ ಸೈಕಲ್ ಮೇಲೆ ಬರೋನು ಮೂಲೆ ಬೇಕರಿಯವನು. ಬೀದಿಯವರೆಲ್ಲ ಅವನನ್ನ ಬನ್ನು ಅಂತಾನೇ ಕರೆಯೋದು. ಇಷ್ಟ ರೀ ನನಗೆ ಅವನು, ಏನೀಗ? ಆದರೆ ಅವತ್ತು ಅಂಗಡಿಯ ಸ್ಟೂಲಿನ ಮೇಲೆ ಅಪ್ಪ ಕೂತಿದ್ದರು.

ಅಪ್ಪನ ಮೊಣಕಾಲು ಕೈಕೊಟ್ಟ ಮೇಲೆ ಈ ಸೈಕಲ್ ರಿಪೇರಿ ಅಂಗಡಿ ನನ್ನ ಪಾಲಿಗೆ ಬಂದಿತ್ತು. ಪೂರ್ತಿ ಅಲ್ಲ, ನೋಡೋಣ ಅಂತ ಬಂದಿತ್ತು. ನಾನು ಜೋಡಿಸಿದ ಪ್ರತಿ ಚಕ್ರವನ್ನೂ ಅಪ್ಪ ಕಣ್ಣು ಮುಚ್ಚಿ, ಫ್ರೇಮಿನ ಮೇಲೆ ಬೆರಳ ತುದಿ ಇಟ್ಟು, ತಿರುಗಿಸಿ ನೋಡೋರು. ಒಳಗೆ ಒಂದೇ ಒಂದು ಗುಂಡು ಒರಟಾಗಿದ್ರೂ ಆ ಬೆರಳಿಗೆ ಗೊತ್ತಾಗೋದು. ಬನ್ನು ಸೈಕಲ್ಲನ್ನೂ ಹಾಗೇ ನೋಡಿ "ಹೂಂ" ಅಂದಿದ್ದರು. ಆದರೆ ವಾರ ಕಳೆದು ಬಿಚ್ಚಿದ್ರೆ ಒಳಗೆ ಗ್ರೀಸೇ ಇರ್ತಿರಲಿಲ್ಲ! ನಾನೇ ಕಮ್ಮಿ ಹಾಕಿದ್ನೇನೋ ಅಂತ ನನ್ನನ್ನೇ ಬೈದುಕೊಂಡೆ. "ಗ್ರೀಸಿಗೂ ಜಿಪುಣತನವೇನಮ್ಮಾ?" ಅಂತ ಅಪ್ಪನೂ ಬೈದರು. ಹೋದ ಸಲವಂತೂ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು: "ಇದೊಂದು ಚಕ್ರ ಇನ್ನೊಂದ್ಸಲ ವಾಪಸ್ ಬರ್ಲಿ, ಅಂಗಡಿ ನಿನ್ನ ಭಾವ ನೋಡ್ಕೊಳ್ಳಲಿ. ಆಗಲೇ ಮಾತಾಡಿಟ್ಟಿದ್ದೀನಿ. ನೀನು ಪಂಕ್ಚರ್ ಹಾಕ್ಕೊಂಡಿರು."

ಭಾವ! ಅಕ್ಕನ ಗಂಡ ಒಳ್ಳೆ ಮನುಷ್ಯರು, ಇಲ್ಲ ಅನ್ನಲ್ಲ. ಆದ್ರೆ ನಟ್ಟು ಬಿಚ್ಚೋಕೂ ಸುತ್ತಿಗೆ ಹುಡುಕೋ ಆಸಾಮಿ. ಅವರ ಕೈಕೆಳಗೆ ಪಂಕ್ಚರ್ ಹಾಕ್ಕೊಂಡು ಕೂರೋದಾ ನಾನು? ಸತ್ತರೂ ಇಲ್ಲ.

ಬನ್ನು ಸೈಕಲ್ಲಿಂದ ಇಳಿದು ಹಲ್ಲು ಕಿರಿದ. "ಅದೇ ಹಿಂದಿನ ಚಕ್ರ..."

"ಅದೇ ಹಿಂದಿನ ಚಕ್ರ," ಅಂದರು ಅಪ್ಪ, ನನ್ನನ್ನೇ ನೋಡ್ತಾ. "ಬಿಚ್ಚಮ್ಮ. ನನ್ನ ಕಣ್ಣೆದುರಿಗೇ ಬಿಚ್ಚು."

ಚಕ್ರ ಕಳಚಿದೆ. ಲಾಕ್ ನಟ್ಟು ಸಡಿಲಿಸಿ, ಗುಂಡುಗಳನ್ನ ಒತ್ತಿ ಹಿಡಿಯೋ ಕೋನ್ ತಿರುಗಿಸಿದೆ. ಅಂಗಡಿ ಹೋಯ್ತು, ಮುಗೀತು ಅಂದ್ಕೊಂಡೆ. ಆಗ ಕಂಡಿದ್ದು ಇರುವೆ. ಒಂದಲ್ಲ, ಎರಡಲ್ಲ, ಹಬ್ ಒಳಗಿಂದ ಹೊರಗೆ, ಹೊರಗಿಂದ ಒಳಗೆ, ಮದುವೆ ಮನೆಯ ನೆಂಟರ ಹಾಗೆ ಸಡಗರದಿಂದ ಓಡಾಡ್ತಿವೆ!

"ಗ್ರೀಸಿಗೆ ಇರುವೆ ಮುತ್ತುತ್ತೇನೇ?" ಅಂತ ಅಪ್ಪ ಸ್ಟೂಲನ್ನೇ ಎಳ್ಕೊಂಡು ಹತ್ತಿರ ಬಂದರು.

ಕೋನ್ ಪೂರ್ತಿ ಬಿಚ್ಚಿ ಅಕ್ಷ ಎಳೆದೆ. ನಾನು ತುಂಬಿದ ಕಂದು ಗ್ರೀಸು ಎಲ್ಲಿ? ಗುಂಡುಗಳ ಸುತ್ತ ತೆಳ್ಳಗೆ ಹಳದಿ ಹಳದಿ ಏನೋ ಕರಗಿ ಜಾರುತ್ತಾ ಇದೆ. ಬೆರಳಲ್ಲಿ ತೆಗೆದೆ. ಅಪ್ಪ ನನ್ನ ಬೆರಳನ್ನೇ ಹಿಡಿದು ಮೂಸಿದರು. ಪುಣ್ಯಾತ್ಮ ನೆಕ್ಕೋಕೂ ಹೊರಟಿದ್ದರು, ನಾನೇ ತಡೆದೆ.

"ಬೆಣ್ಣೆ!" ಅಂದರು. "ಕೇಕಿನ ಬೆಣ್ಣೆ ಕಣೇ ಇದು! ವೆನಿಲಾ ಬೇರೆ ಹಾಕಿದ್ದಾರೆ!"

ನಾನು ಬನ್ನು ಕಡೆ ತಿರುಗಿದೆ. ಅವನ ಎರಡೂ ಕೈ ಆಗಲೇ ಬೆನ್ನ ಹಿಂದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರೆ. ಇವನು ಯಾರೂ ಏನೂ ಅನ್ನದೇನೇ ಮುಟ್ಟಿ ನೋಡ್ಕೊಂಡ.

"ನೀವಾ?" ಅಂದೆ. ಆಮೇಲೆ ಮರ್ಯಾದೆಯೆಲ್ಲ ಗಾಳಿಗೆ ಹೋಯ್ತು. "ನೀನಾ? ನನ್ನ ಗ್ರೀಸು ಏನೋ ಮಾಡ್ದೆ?"

"ತೊಳೆದುಬಿಟ್ಟೆ."

"ಪ್ರತಿ ವಾರಾನೂ?"

"ಪ್ರತಿ ವಾರಾನೂ," ಅಂದ ಬನ್ನು. "ಬರೀ ತೊಳೆದು ಜೋಡಿಸ್ತಿದ್ದೆ. ಈ ಸಲ ಆ ಗುಂಡುಗಳು ಹಂಗೇ ಬೋಳು ಬೋಳಾಗಿ ಕೂತಿದ್ದು ನೋಡಿ ಪಾಪ ಅನ್ನಿಸ್ತು. ಕೇಕಿನ ಅಚ್ಚಿಗೆ ಬೆಣ್ಣೆ ಸವರದೆ ನನ್ನ ಕೈ ಮುಂದಕ್ಕೆ ಹೋಗಿದ್ದೇ ಇಲ್ಲ. ಬಟ್ಟಲಲ್ಲಿ ಮಿಕ್ಕಿತ್ತು... ಸವರಿಬಿಟ್ಟೆ."

"ಅಯ್ಯೋ ಪಾಪಿ! ನಿನ್ನ ದೆಸೆಯಿಂದ ನನ್ನ ಅಂಗಡಿ ಹೋಗ್ತಿದೆ ಕಣೋ! ನಡು ಬೀದೀಲಿ ನನ್ನ ಮಾನ ಕಳೆದ್ಯಲ್ಲೋ! ಯಾಕೆ? ನಾನೇನು ಮಾಡಿದ್ದೆ ನಿನಗೆ?"

ಅಂಗಡಿ ಹೋಗೋ ವಿಷಯ ಅವನಿಗೆ ಗೊತ್ತಿರಲಿಲ್ಲ. ಮುಖ ಸಪ್ಪಗಾಯ್ತು. ಬೆನ್ನ ಹಿಂದಿನ ಕೈ ಮುಂದೆ ತಂದ, ನನ್ನ ಬಿಟ್ಟು ಅಪ್ಪನ ಮುಂದೆ ಹೋಗಿ ನೆಟ್ಟಗೆ ನಿಂತ.

"ಯಜಮಾನ್ರೇ, ನಿಮ್ಮ ಮಗಳ ಕೆಲಸದಲ್ಲಿ ಒಂದು ಹುಳುಕಿಲ್ಲ. ಅವರು ರಿಪೇರಿ ಮಾಡಿದ ಚಕ್ರ ಕೆಡೋದೇ ಇಲ್ಲ. ಅದೇ ನನ್ನ ಕಷ್ಟ. ಚಕ್ರ ಕೆಡದೇ ಇದ್ರೆ ನಾನು ಏನಂತ ಹೇಳ್ಕೊಂಡು ಇಲ್ಲಿಗೆ ಬರ್ಲಿ? ಇವರನ್ನ ನೋಡದೆ ಇರೋಕೆ ನನ್ನ ಕೈಲಿ ಆಗ್ತಿಲ್ಲ."

ಎದುರಂಗಡಿ ದರ್ಜಿಯ ಹೊಲಿಗೆ ಯಂತ್ರ ಗಪ್ಪಂತ ನಿಂತಿತು. ನನ್ನ ಕೋಪ ನೆತ್ತಿಗೆ ಹತ್ತಿ ಕೂತಿತ್ತಲ್ಲ, ಇಳಿಯೋಕೆ ಏಣಿ ಸಿಗದೆ ಅಲ್ಲೇ ಒದ್ದಾಡ್ತಿತ್ತು. ಕೆಳಗಿಂದ ನಗು ಬೇರೆ ಉಕ್ಕಿ ಬರ್ತಿದೆ! ತುಟಿ ಕಚ್ಚಿಕೊಂಡು ಸ್ಪ್ಯಾನರನ್ನೇ ದಿಟ್ಟಿಸಿದೆ.

ಅಪ್ಪ ಮಾತ್ರ ಗಂಭೀರವಾಗಿ ಕೋನ್ ಎತ್ತಿ ಬೆಳಕಿಗೆ ಹಿಡಿದರು. "ತೊಳೆದೆ, ಸರಿ. ವಾಪಸ್ ಜೋಡಿಸಿದ್ದು ಯಾರಯ್ಯಾ?"

"ನಾನೇ."

"ಕೋನ್ ಬಿಗಿಯಾದ್ರೆ ಹಿಡಿಯುತ್ತೆ, ಸಡಿಲಾದ್ರೆ ಚಕ್ರ ಅಲ್ಲಾಡುತ್ತೆ. ನೀನು ಹದವಾಗೇ ಕೂರಿಸಿದ್ದೀಯ. ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ. ವಾರ ವಾರ ಇವರ ಕೈನೇ ನೋಡ್ತಾ ಕೂತಿರ್ತಿದ್ನಲ್ಲ, ಬಂದುಬಿಡ್ತು."

ಅಪ್ಪ ನಕ್ಕರು ನೋಡಿ! ಹೊಟ್ಟೆ ಹಿಡ್ಕೊಂಡು, ಕಣ್ಣಲ್ಲಿ ನೀರು ಬರೋ ಹಾಗೆ, ಮೊಣಕಾಲು ನೋವನ್ನೂ ಮರೆತು ತೊಡೆ ತಟ್ಟಿ ನಕ್ಕರು. ಆಮೇಲೆ ಹಿಂದಿನ ಬಾಗಿಲ ಕಡೆ ತಿರುಗಿ ಅಮ್ಮನನ್ನ ಕೂಗಿದರು. "ಲೇ, ದೊಡ್ಡೋಳಿಗೆ ಫೋನ್ ಮಾಡೇ! ಅಳಿಯಂದ್ರು ಬರೋದೇನೂ ಬೇಡ ಅನ್ನು. ಅಂಗಡಿಗೆ ಯಜಮಾನ್ತಿ ಇದ್ದಾಳೆ ಅನ್ನು!"

ಯಜಮಾನ್ತಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಖುಷಿಗೆ ಗ್ರೀಸ್ ಕೈಯಲ್ಲೇ ಹಣೆ ಒರೆಸ್ಕೊಂಡೆ. ಬನ್ನು ನೋಡಿ ನಕ್ಕ, ಅವನ ಹಣೆಗೂ ಒಂದು ಪಟ್ಟೆ ಎಳೆದೆ.

ನಾನು ಸೀಮೆಎಣ್ಣೆಯಲ್ಲಿ ಬೆಣ್ಣೆ, ಇರುವೆ ಎಲ್ಲ ತೊಳೆದೆ. ಅವನು ಗುಂಡು ಒರೆಸಿ ಒರೆಸಿ ಕೊಟ್ಟ. ಹಬ್ ಒಳಗೆ ಗುಂಡು ಕೂರೋ ಕಪ್ಪಿನ ತುಂಬ ಗ್ರೀಸು ಮೆತ್ತಿ ಒಂದೊಂದಾಗಿ ಅಂಟಿಸೋವಾಗ ಇಬ್ಬರ ತಲೆಯೂ ಢಿಕ್ಕಿ ಹೊಡೀತು. ಅಪ್ಪ ಕೆಮ್ಮಿದರು. ಕೋನ್ ಕೂರಿಸಿ, ಲಾಕ್ ನಟ್ಟು ಬಿಗಿದು, ಚಕ್ರ ಸೇರಿಸಿ ತಿರುಗಿಸಿದೆ. ಅದು ತಿರುಗಿತು, ತಿರುಗಿತು, ತಿರುಗ್ತಾನೇ ಇತ್ತು. ಒಂದು ಪಿಸುಮಾತಿಲ್ಲ.

"ಆಯ್ತು," ಅಂದೆ. "ಇನ್ನು ವರ್ಷ ಕಳೆದ್ರೂ ಇದಕ್ಕೇನೂ ಆಗಲ್ಲ."

"ವರ್ಷಾನಾ?" ಅಂದ ಬನ್ನು. ಹ್ಯಾಂಡಲ್ ಹಿಡಿದು ನಿಂತವನ ಮುಖ ನೋಡಲಾರದ ಹಾಗಿತ್ತು.

ನನಗೆ ತಡೆಯಲಾಗಲಿಲ್ಲ. ಅಪ್ಪ ಕೇಳಲಿ, ದರ್ಜಿ ಕೇಳಲಿ, ಇಡೀ ಬೀದಿ ಕೇಳಲಿ ಅಂತ ಗಟ್ಟಿಯಾಗೇ ಹೇಳಿದೆ. "ಏನಾದ್ರೂ ಕೆಟ್ರೇನೇ ಬರ್ಬೇಕು ಅಂತ ಯಾರೋ ಹೇಳಿದ್ದು ನಿಂಗೆ? ಸುಮ್ನೆ ಬಾರೋ!"

ಸಂಜೆಗೇ ಬಂದ. ನಡ್ಕೊಂಡು ಬಂದ.