ನುಂಗದ ಗುಳಿಗೆಗಳು

ಜಗದೇವಿಯ ಮೈಮೇಲೆ ನೇರಳೆ ಹಣ್ಣಿನ ಬಣ್ಣದ ಮೆತ್ತನೆಯ ಗುಳ್ಳೆಗಳಿದ್ದವು. ಒತ್ತಿದರೆ ತಗ್ಗುತ್ತಿದ್ದವು, ಬಿಟ್ಟರೆ ನಿಧಾನವಾಗಿ ಮತ್ತೆ ತುಂಬಿಕೊಳ್ಳುತ್ತಿದ್ದವು. ಹುಟ್ಟಿದಾಗಿನಿಂದ ಇದ್ದ ಅವು ಅವಳನ್ನು ಕಾಡಿದ್ದಿಲ್ಲ. ಆದರೆ ನಾಸಿಕದ ಕಟ್ಟಡದ ಕೆಲಸದಲ್ಲಿ ಈ ವರ್ಷ ಎರಡು ಅಂತಸ್ತು ಇಟ್ಟಿಗೆ ಹೊರುವಷ್ಟರಲ್ಲಿ ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಅತ್ತೆ ಚನಬಸವ್ವ ಶೆಡ್ಡಿನಲ್ಲಿ ಅವಳ ಲೋಟವನ್ನು ಬೇರೆ ಇಟ್ಟಳು; ಅಂಟು ರೋಗವೆಂದು ಅಕ್ಕಪಕ್ಕದ ಹೆಂಗಸರಿಗೆಲ್ಲ ಹೇಳಿ ಬಂದಳು.

ಹಿಮೋಗ್ಲೋಬಿನ್ ಐದಕ್ಕೆ ಇಳಿದಿದೆ, ರಕ್ತ ತೀರ ಕಡಿಮೆ ಎಂದು ನಾಸಿಕದ ಡಾಕ್ಟರು ಎರಡು ತಿಂಗಳ ಕಬ್ಬಿಣದ ಗುಳಿಗೆ ಕೊಟ್ಟರು. ನುಂಗಿದರೆ ವಾಂತಿ, ವಾಂತಿ ಮಾಡುತ್ತ ಇಟ್ಟಿಗೆ ಹೊರುವುದು ಹೇಗೆ? ಮೂರನೆಯ ದಿನದಿಂದ ಅವಳು ಗುಳಿಗೆಗಳನ್ನು ಟ್ರಂಕಿನಲ್ಲಿ ಬಚ್ಚಿಡತೊಡಗಿದಳು. ರಕ್ತ ಏರದಿದ್ದಾಗ ಡಾಕ್ಟರು ಸಂಭಾಜಿನಗರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಅಲ್ಲಿಯೂ ಏನೂ ಸಿಗದಿದ್ದರೆ ಇವಳನ್ನು ತವರಿಗೆ ಅಟ್ಟಿ ಮಗನಿಗೆ ಬೇರೆ ಹೆಣ್ಣು ತರುವೆನೆಂದು ಅತ್ತೆ ಬಸ್ಸಿನಲ್ಲಿಯೇ ಹೇಳಿದಳು.

ದೊಡ್ಡ ಆಸ್ಪತ್ರೆಯ ಡಾಕ್ಟರ್ ಮೃದುಲಾ ಸೊಲ್ಲಾಪುರದವರು, ಕನ್ನಡ ಬರುತ್ತಿತ್ತು.

"ಸಂಡಾಸ ಕರ್ರಗ ಆಗ್ತದೇನು?"

"ಹೂಂರಿ."

"ಕಬ್ಬಿಣದ ಗುಳಿಗಿ ತೊಗೊಂಡ್ರ ಹಂಗ ಆಗ್ತದ. ಇನ್ನೊಂದು ತಿಂಗಳು ತೊಗೋ, ಆಮ್ಯಾಲ ನೋಡೂಣು."

ನಿಜ ಹೇಳಿದರೆ ಅತ್ತೆಯ ಕೈಗೆ ಕೋಲು ಕೊಟ್ಟಂತೆ. ಜಗದೇವಿ ತಲೆಯಾಡಿಸಿದಳು.

ಚನಬಸವ್ವ ಇದಕ್ಕೇ ಕಾದಿದ್ದಳು. ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಗಳನ್ನು ಮೇಜಿನ ಮೇಲೆ ಸುರಿದಳು. "ಎಲ್ಲಿ ತೊಗೊಂಡಾಳ್ರಿ? ಟ್ರಂಕಿನಾಗ ಸಿಕ್ಕಾವ, ನೋಡ್ರಿ. ಇಟ್ಟಂಗಿ ಹೊರೂದು ತಪ್ಪಸ್ಲಾಕ ನಾಟಕ ಹೂಡ್ಯಾಳ ಈ ರಾಣಿ."

ಡಾಕ್ಟರರ ಪೆನ್ನು ನಿಂತಿತು. ಪಟ್ಟಿಗಳನ್ನು ತಿರುಗಿಸಿ ನೋಡಿದರು. ಆಮೇಲೆ ಜಗದೇವಿಯ ತೋಳು ಹಿಡಿದು ಒಂದು ಗುಳ್ಳೆಯನ್ನು ಒತ್ತಿ, ಅದು ತುಂಬಿಕೊಳ್ಳುವವರೆಗೆ ಕಾದರು.

"ಗುಳಿಗಿ ನುಂಗಿಲ್ಲಂದ್ರ ಆ ಕರೀದು ರಕ್ತ ಇರಬೇಕು," ಎಂದರು. "ಇಂಥಾ ಗುಳ್ಳಿ ಕರಳಿನಾಗೂ ಇರತಾವ, ಅಲ್ಲೇ ಸೋರ್ಲಿಕತ್ತದ. ಇವತ್ತ ಅಡ್ಮಿಟ್ ಆಗು, ರಕ್ತ ಏರಸೂಣು. ನಾಳೆ ಹೊಟ್ಟ್ಯಾಗ ಕ್ಯಾಮೆರಾ ಬಿಟ್ಟು ನೋಡತೀನಿ."

"ಅಂಟಂಗಿಲ್ಲೇನ್ರಿ?" ಅತ್ತೆಯ ದನಿ ತಗ್ಗಿತ್ತು.

"ಹುಟ್ಟತ್ಲೇ ಬಂದದ್ದು ಹೆಂಗ ಅಂಟತದ?"

ಹೊರಗಿನ ಬೆಂಚಿನ ಮೇಲೆ ಕೂತು ಚನಬಸವ್ವ ಪಟ್ಟಿಗಳನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡಳು. "ಆದ್ರೂ ಗುಳಿಗಿ ಮುಚ್ಚಿಟ್ಟಿದ್ದು ಖರೇನ ಅಲ್ಲ?" ಎಂದು ಗೊಣಗಿದಳು.

ಜಗದೇವಿ ಅತ್ತೆಯ ನೀರಿನ ಬಾಟಲಿಯನ್ನು ಎತ್ತಿಕೊಂಡು, ಅವಳ ಮುಖವನ್ನೇ ನೋಡುತ್ತ, ತುಟಿ ಹಚ್ಚಿ ಕುಡಿದಳು.