ಬಾಯಲ್ಲಿ ಹಾಕಿದ ಬ್ರೇಕು

ನಮ್ಮ ತರಬೇತಿ ಶಾಲೆಯ ಗಾಲಿಕುರ್ಚಿಗೆ ಬ್ರೇಕ್ ಇರಲಿಲ್ಲ. ಎಂದೋ ಮುರಿದಿತ್ತು, ಸರಿ ಮಾಡಿಸುವ ಗೋಜಿಗೆ ಯಾರೂ ಹೋಗಿರಲಿಲ್ಲ. ಅದಕ್ಕೆ ಟೀಚರಮ್ಮ ಒಂದು ಉಪಾಯ ಕಂಡುಕೊಂಡಿದ್ದರು. ರೋಗಿಯನ್ನು ಮಂಚದಿಂದ ಕುರ್ಚಿಗೆ ಕೂರಿಸುವ ಮುಂಚೆ "ಬ್ರೇಕ್ ಹಾಕಿದ್ದೀನಿ" ಎಂದು ಗಟ್ಟಿಯಾಗಿ ಹೇಳಿದರೆ ಸಾಕು, ಅಂಕ ಬೀಳುತ್ತಿತ್ತು. ನಲ್ಲಿಯಲ್ಲಿ ನೀರು ಬಾರದ ದಿನ "ಕೈ ತೊಳೆದಿದ್ದೀನಿ" ಎಂದರೂ ನಡೆಯುತ್ತಿತ್ತು. ರೋಗಿಯೆಂದರೆ ಒಂದು ರಬ್ಬರ್ ಬೊಂಬೆ. ಎತ್ತಿ ಹಾಕಿದರೂ ಅಯ್ಯೋ ಅನ್ನದ ಪುಣ್ಯಾತ್ಮ. ಇಂಥ ಕಡೆ ಕಲಿತವರ ಕೈಗೆ ಜೀವ ಇರುವವರನ್ನು ಒಪ್ಪಿಸುತ್ತಾರಲ್ಲ, ಅವರ ಬುದ್ಧಿಗೆ ಏನು ಹೇಳಲಿ?

ನಾನು ಮೊದಲ ಸಲವೇ ಪಾಸಾಗಿ ನರ್ಸಿಂಗ್ ಸಹಾಯಕಿ ಅನ್ನಿಸಿಕೊಂಡೆ. ನನ್ನ ಓರಗಿತ್ತಿ ಫೇಲಾದಳು. ಮನೆಯಲ್ಲಿ ಅವಳನ್ನು ಚಿಕ್ಕವಳು ಎನ್ನುತ್ತೇವೆ. ಕೆಲಸದಲ್ಲಿ ಅವಳ ಕೈ ನನ್ನ ಕೈಗಿಂತ ಮೆತ್ತಗೆ. ಆದರೆ ಪರೀಕ್ಷಕರ ಮುಂದೆ ನಿಂತರೆ ನಾಲಿಗೆ ಒಣಗಿಹೋಗುತ್ತಿತ್ತು. ಎಲ್ಲವನ್ನೂ ಸರಿಯಾಗಿ ಮಾಡಿದಳು, ಮಾಡಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದರೆ ಮಾಡದ ಹಾಗೆಯೇ ಲೆಕ್ಕ.

ಎರಡನೇ ಸಲವೂ ತಪ್ಪಿದರೆ ಮತ್ತೆ ಅವಕಾಶವಿಲ್ಲ. ಸರ್ಟಿಫಿಕೇಟ್ ಇಲ್ಲದವರು ಇನ್ನು ಮುಂದೆ ರೋಗಿಯನ್ನು ಮುಟ್ಟುವಂತಿಲ್ಲ ಎಂದು ಅವಳು ಕೆಲಸಕ್ಕಿದ್ದ ಆಸ್ಪತ್ರೆಯವರು ಖಡಾಖಂಡಿತವಾಗಿ ಹೇಳಿದ್ದರು. ಮೈದುನ ಮನೆ ಬಿಟ್ಟು ಹೋಗಿ ಯಾವ ಕಾಲವಾಯಿತೋ. ಅವಳಿಗೂ ಅವಳ ಮಗಳಿಗೂ ಆ ಕೆಲಸವೊಂದೇ ಆಧಾರ.

ಆಗ ನಮ್ಮ ಅತ್ತೆ ಮುಂದೆ ಬಂದರು. ಲಕ್ವ ಹೊಡೆದು ಅವರ ಎಡಗೈ ಎಡಗಾಲು ಸೋತಿದ್ದವು, ಬಾಯಿ ಮಾತ್ರ ಚುರುಕಾಗಿತ್ತು.

"ಆ ರಬ್ಬರ್ ಬೊಂಬೆಗಿಂತ ನಾನೇನು ಕಮ್ಮೀನೇ? ನನ್ನ ಮೇಲೇ ಕಲಿ. ಬೊಂಬೆ ಬೈಯಲ್ಲ, ನಾನು ಬೈತೀನಿ, ಅಷ್ಟೇ ವ್ಯತ್ಯಾಸ."

ದಿನಾ ಸಂಜೆ ನಮ್ಮ ನಡುಮನೆ ಪರೀಕ್ಷೆಯ ಹಾಲ್ ಆಯಿತು. ಅತ್ತೆ ಮಂಚದ ಮೇಲೆ, ಪಕ್ಕದಲ್ಲಿ ಅವರ ಗಾಲಿಕುರ್ಚಿ, ನಾನು ಸೌಟು ಹಿಡಿದ ಪರೀಕ್ಷಕಿ. ಚಿಕ್ಕವಳು ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳಬೇಕು. ಮರೆತರೆ ಅತ್ತೆಯೇ ಎಚ್ಚರಿಸುತ್ತಿದ್ದರು. "ಮಾತಾಡೇ, ಮೂಕಿ! ಹೇಳದೆ ಮುಟ್ಟಿದ್ರೆ ಕಿರುಚ್ತೀನಿ ನೋಡು!" ಚಿಕ್ಕವಳು ನಗುತ್ತಿದ್ದಳು. ಬರಬರುತ್ತಾ ಬಾಯಿ ಪಳಗಿತು, ಕೊನೆಗೆ ಕೈಗಿಂತ ಬಾಯಿಯೇ ಮುಂದಾಯಿತು.

ಆ ಸಂಜೆ ಅವಳು ಒಂದಕ್ಷರವೂ ತಪ್ಪದೆ ಹೇಳುತ್ತಿದ್ದಳು. "ಅಮ್ಮಾ, ಈಗ ನಿಮ್ಮನ್ನ ಕುರ್ಚಿಗೆ ಕೂರಿಸ್ತೀನಿ. ಚಪ್ಪಲಿ ಹಾಕಿದ್ದೀನಿ. ಬ್ರೇಕ್ ಹಾಕಿದ್ದೀನಿ." ನಾನು "ಸರಿ" ಎಂದೆ. ಅತ್ತೆ ಅವಳ ಹೆಗಲು ಹಿಡಿದು ಎದ್ದರು, ತಿರುಗಿದರು, ಕೂರಲು ಹೋದರು. ಕುರ್ಚಿ ಹಿಂದಕ್ಕೆ ಜಾರಿತು. ನಮ್ಮ ಮನೆಯ ಕುರ್ಚಿಗೆ ಒಳ್ಳೆಯ ಬ್ರೇಕ್ ಇತ್ತು. ಚಿಕ್ಕವಳು ಅದನ್ನು ಮುಟ್ಟಿಯೇ ಇರಲಿಲ್ಲ.

ಸೊಂಟದ ಮೂಳೆ ಮುರಿದ ಸದ್ದು ನನಗೂ ಕೇಳಿಸಿತು. ಚಿಕ್ಕವಳು "ಹಾಕಿದ್ನಲ್ಲ, ಹಾಕಿದ್ನಲ್ಲ" ಎಂದು ಗೋಳಾಡುತ್ತಿದ್ದಳು. ಅವಳು ಸುಳ್ಳು ಹೇಳುತ್ತಿರಲಿಲ್ಲ. ಹಾಕಿದ್ದೇನೆ ಎಂದೇ ಅವಳು ನಂಬಿದ್ದಳು.

ನೋವಿನಲ್ಲೂ ಅತ್ತೆಯ ತಲೆ ಓಡಿತು. "ಬಾಯಿ ಮುಚ್ಚು. ನಿನ್ನ ಕೈಯಿಂದ ಬಿದ್ದೆ ಅಂತ ಗೊತ್ತಾದ್ರೆ ಪರೀಕ್ಷೆಗೆ ಕೂರ್ಸಲ್ಲ. ನಾನೇ ಯಾರಿಗೂ ಹೇಳ್ದೆ ಎದ್ದು ಬಿದ್ದೆ. ದೊಡ್ಡವಳೇ, ನೀನೂ ಹಾಗೇ ಹೇಳ್ಬೇಕು."

ಕಲಿಯುವವರ ಕೈಯಲ್ಲಿ ರೋಗಿಗೆ ಪೆಟ್ಟಾದರೆ ಹೆಸರು ಹೊಡೆದುಹಾಕುತ್ತಾರೆ ಎಂಬುದು ನಮಗೆ ಗೊತ್ತಿತ್ತು. ಮನೆಯಲ್ಲಾದ ಪೆಟ್ಟೂ ಅದಕ್ಕೆ ಸೇರುತ್ತದೋ ಇಲ್ಲವೋ, ಕೇಳಿ ನೋಡುವ ಧೈರ್ಯ ಯಾರಿಗಿತ್ತು? ಆಸ್ಪತ್ರೆಯಲ್ಲಿ ನಾನೂ ಹಾಗೇ ಹೇಳಿದೆ.

ಆ ಮಾತಿಗೆ ಅತ್ತೆ ದಂಡ ತೆತ್ತರು. ಹೇಳದೆ ಕೇಳದೆ ಏಳುವ ಹಟಮಾರಿ ಮುದುಕಿ ಎಂದು ವಾರ್ಡಿನವರು ಮಂಚದ ಎರಡೂ ಬದಿಯ ಕಂಬಿ ಎತ್ತಿದರು. ಆಪರೇಷನ್ ಆದ ಮೇಲೂ ಕಂಬಿ ಇಳಿಯಲಿಲ್ಲ. ಬಲಗೈಯನ್ನೂ ಬಟ್ಟೆಯಲ್ಲಿ ಸಡಿಲವಾಗಿ ಮಂಚಕ್ಕೆ ಕಟ್ಟಿದರು. ಅತ್ತೆ ಯಾರನ್ನೂ ಬೈಯದೆ ಸೂರು ನೋಡುತ್ತಾ ಮಲಗಿರುತ್ತಿದ್ದರು.

ಚಿಕ್ಕವಳ ಪರೀಕ್ಷೆಯ ದಿನ ಜೊತೆಗೆ ನಾನೇ ಹೋದೆ. ತೆರೆದ ಬಾಗಿಲ ಹೊರಗೆ ನಿಂತರೆ ಎಲ್ಲವೂ ಕೇಳಿಸುತ್ತಿತ್ತು. ಅವಳು ಗಿಣಿಯ ಹಾಗೆ ಒಪ್ಪಿಸಿದಳು. ಕೊನೆಯಲ್ಲಿ ಪರೀಕ್ಷಕಿ ಬಾಯಿಪ್ರಶ್ನೆ ಕೇಳಿದರು.

"ನಿಮ್ಮ ತಪ್ಪಿನಿಂದ ರೋಗಿ ಬಿದ್ರೆ ಮೊದ್ಲು ಏನ್ ಮಾಡ್ತೀರಿ?"

ನಾನು ಬಾಗಿಲಿಗೆ ಇನ್ನಷ್ಟು ಹತ್ತಿರ ಸರಿದೆ.

"ಅವರ ಹತ್ರಾನೇ ಇದ್ದು ಸಹಾಯಕ್ಕೆ ಕರೀತೀನಿ," ಎಂದಳು. "ಆಮೇಲೆ ನಡೆದಿದ್ದನ್ನ ನಡೆದ ಹಾಗೇ ನರ್ಸಿಗೆ ಹೇಳ್ತೀನಿ. ಏನನ್ನೂ ಮುಚ್ಚಿಡಲ್ಲ."

"ತುಂಬಾ ಚೆನ್ನಾಗಿ ಹೇಳಿದ್ರಿ," ಎಂದರು ಪರೀಕ್ಷಕಿ.

ಪಾಸಾದಳು. ಅಲ್ಲಿಂದ ನೇರವಾಗಿ ವಾರ್ಡಿಗೆ ಹೋದೆವು. ಸುದ್ದಿ ಕೇಳಿ ಅತ್ತೆಯ ಮುಖ ಎಷ್ಟೋ ದಿನದ ಮೇಲೆ ಅರಳಿತು. "ನನ್ನ ಸೊಂಟ ಹೋದ್ರೂ ಸಾರ್ಥಕ ಆಯ್ತು ಬಿಡೇ," ಎಂದು ನಗಲು ನೋಡಿದರು. ಚಿಕ್ಕವಳು ಅವರ ಪಾದ ಹಿಡಿದು ಅತ್ತಳು.

ಬೆನ್ನಿನ ಕೆಳಗೆ ಹಾಸಿಗೆ ಒದ್ದೆಯಾಗಿತ್ತು. ಹೊರಳಿಸಿ ಬದಲಿಸಬೇಕು. ಚಿಕ್ಕವಳು ಕಣ್ಣೊರೆಸಿಕೊಂಡು ಕೈ ತೊಳೆದು ಬಂದಳು, ತನ್ನ ಕಡೆಯ ಕಂಬಿ ಇಳಿಸಿದಳು, ಕೈಕಟ್ಟು ಬಿಚ್ಚಿದಳು.

"ಅಮ್ಮಾ, ಈಗ ನಿಮ್ಮನ್ನ ನನ್ನ ಕಡೆಗೆ ಹೊರಳಿಸ್ತೀನಿ," ಎಂದು ಬಗ್ಗಿದಳು.

ಅತ್ತೆಯ ಬಲಗೈ ಆಚೆ ಬದಿಯ ಕಂಬಿಯನ್ನು ಗಬಕ್ಕನೆ ಹಿಡಿದುಕೊಂಡಿತು. ಎಷ್ಟು ಬಿಡಿಸಿದರೂ ಬೆರಳು ಬಿಡಲಿಲ್ಲ.

"ನೀನು ಬೇಡಮ್ಮ," ಎಂದರು ಅತ್ತೆ, ಅವಳ ಮುಖ ನೋಡದೆ. "ಬೇಜಾರು ಮಾಡ್ಕೋಬೇಡ. ದೊಡ್ಡವಳು ಮಾಡ್ಲಿ."