ಕುಸುಬಿ ಎಣ್ಣೆಯ ಚೀಟಿ ಹೊತ್ತ ಬಾಟಲಿ

ನಾನು ಒಂದು ಪ್ಲಾಸ್ಟಿಕ್ ಬಾಟಲಿ. ಬಿಸಿ ಗಾಳಿ ಊದಿಸಿಕೊಂಡು ಅಚ್ಚಿನಿಂದ ಹೊರಬಿದ್ದವನು. ಮೈಗೆ ‘ಕುಸುಬಿ ಎಣ್ಣೆ’ ಎಂಬ ಚೀಟಿ ಅಂಟಿತು, ಹೊಟ್ಟೆಗೆ ಒಂದು ಲೀಟರ್ ಎಣ್ಣೆ ಬಿತ್ತು. ಅಲ್ಲಿಂದ ನೇರವಾಗಿ ಗದಗಿನ ಕಸ್ತೂರೆವ್ವನ ಖಾನಾವಳಿಗೆ ಬಂದೆ. ಆಹಾ, ಅದೆಂಥ ಬಾಳು! ಬಿಸಿ ರೊಟ್ಟಿಯ ಪಕ್ಕ ಶೇಂಗಾ ಚಟ್ನಿ, ಅದರ ಮೇಲೆ ನನ್ನ ಎಣ್ಣೆ. ಎಣ್ಣೆ ಹಾಕುವ ಕೆಲಸವನ್ನು ಕಸ್ತೂರೆವ್ವ ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಅದು ಅವಳ ಮರ್ಯಾದೆಯ ಮಾತು.

ಎಣ್ಣೆ ತೀರಿತು. ಅದೇ ಹೊತ್ತಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಮಾರುವವನು ಸೈಕಲ್ ಮೇಲೆ ಕ್ಯಾನ್ ಹೇರಿಕೊಂಡು ಬಂದ. ಕಸ್ತೂರೆವ್ವ ನನ್ನನ್ನೇ ಮುಂದೆ ಹಿಡಿದಳು. ಹಳದಿ ದ್ರವ ಗಳಗಳನೆ ಒಳಗಿಳಿಯಿತು. ಚೀಟಿ ಮಾತ್ರ ಹಾಗೇ ಉಳಿಯಿತು.

ಪಾತ್ರೆ ತೊಳೆಯುವ ದುರಗವ್ವ ಅಂದೇ ತಕರಾರು ತೆಗೆದಳು. “ಅಕ್ಕಾ, ಎಣ್ಣಿ ಬಾಟ್ಲ್ಯಾಗ ಇದನ್ಯಾಕ ಹಾಕ್ಸೀರಿ? ಬಣ್ಣಾನೂ ಒಂದ ಕಾಣ್ತೈತಿ. ಯಾರರ ತಿಂದ್ರ ಏನ್ ಗತಿ?”

“ಏ, ಸುಮ್ನಿರ ನೀ! ಮೂವತ್ತು ವರ್ಷ ಆತು ಒಲಿ ಮುಂದ ಕುಂತು. ಎಣ್ಣಿ ಯಾವ್ದು, ಸಬಕಾರ ಯಾವ್ದು ನನಗ ತಿಳಿಯಂಗಿಲ್ಲೇನು?”

ಅಂದಿನಿಂದ ನನಗೆ ನೆಮ್ಮದಿ ಎಂಬುದಿಲ್ಲ. ದುರಗವ್ವನ ಕೈಯಲ್ಲಿ ಇರುವಷ್ಟು ಹೊತ್ತು ಭಯವಿರಲಿಲ್ಲ. ಅವಳು ನೀರಿಗೆ ಒಂದೇ ಮುಚ್ಚಳ ಹಾಕಿ, ಪಾತ್ರೆಗಳನ್ನು ಎರಡೆರಡು ಸಲ ಜಾಲಿಸಿ, ನನ್ನನ್ನು ಮೋರಿಯ ಮೂಲೆಯಲ್ಲೇ ಇಡುತ್ತಿದ್ದಳು. ಕಸ್ತೂರೆವ್ವನದೇ ಕಾಟ. ಸೌಟು ತೊಳೆದುಕೊಂಡವಳು ನನ್ನನ್ನು ಒಮ್ಮೆ ನೀರಿನ ಕೊಡದ ಪಕ್ಕ, ಒಮ್ಮೆ ಉಪ್ಪಿನ ಡಬ್ಬಿಯ ಪಕ್ಕ ಕುಕ್ಕಿ ಹೋಗುವಳು. ಹೇಳೋಣವೆಂದರೆ ಮಾತಿಲ್ಲ, ಓಡೋಣವೆಂದರೆ ಕಾಲಿಲ್ಲ!

ಕೊನೆಗೆ ಆ ಸಂತೆಯ ದಿನ ಬಂತು. ಖಾನಾವಳಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೌಟು ತೊಳೆಯಲೆಂದು ನನ್ನನ್ನು ಮೋರಿಯಿಂದ ತಂದ ಕಸ್ತೂರೆವ್ವ, ಅವಸರದಲ್ಲಿ ಬಡಿಸುವ ಕಟ್ಟೆಯ ಮೇಲೆ ಎಣ್ಣೆ ಬಾಟಲಿಯ ಪಕ್ಕದಲ್ಲೇ ಬಿಟ್ಟಳು. ಊಟಕ್ಕೆ ಚನ್ನಮಲ್ಲಪ್ಪ ಮಾಸ್ತರು ಕೂತಿದ್ದರು. ಹನ್ನೊಂದು ವರ್ಷದಿಂದ ದಿನಾ ಅಲ್ಲೇ ಉಣ್ಣುವ ಒಂಟಿ ಜೀವ. ನಶ್ಯ ಏರಿಸಿ ಏರಿಸಿ ಅವರ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ.

“ಎಣ್ಣಿ ಹಾಕ್ಲ್ಯಾ, ಮಾಸ್ತರ?”

“ಹಾಕವ್ವಾ. ಕೈ ಬಿಗಿ ಹಿಡಿಬ್ಯಾಡ ಮತ್ತ.”

ಕಸ್ತೂರೆವ್ವ ಒಲೆಯ ಮೇಲಿನ ರೊಟ್ಟಿಯತ್ತ ನೋಡುತ್ತಲೇ ನನ್ನನ್ನು ಬಗ್ಗಿಸಿದಳು. ಬೇಡವೇ ತಾಯಿ, ಬೇಡ! ಯಾರಿಗೆ ಕೇಳಬೇಕು? ಮಾಸ್ತರು ಚಟ್ನಿ ಕಲಸಿ ಎರಡು ತುತ್ತು ನುಂಗಿಯೇಬಿಟ್ಟರು. ಮೂರನೆಯದಕ್ಕೆ ಗಂಟಲು ಹಿಡಿದುಕೊಂಡು ಕೆಮ್ಮತೊಡಗಿದರು. ತುಟಿಯಂಚಿನಲ್ಲಿ ನೊರೆ.

ಕಸ್ತೂರೆವ್ವ ನನ್ನನ್ನು ಮೂಸಿ ನೋಡಿದಳು. “ಯಪ್ಪಾ ದೇವ್ರ, ಕೈಯಾರ ವಿಷಾ ಉಣಿಸಿದ್ನಲ್ಲೋ!”

“ಉಪ್ಪಿನ ನೀರು ಕುಡಿಸ್ರಿ, ವಾಂತಿ ಆಗ್ಲಿ!” ಎಂದು ಯಾರೋ ಕೂಗಿದರು. ಅವಳು ಉಪ್ಪಿಗೆ ಕೈಹಾಕುವಷ್ಟರಲ್ಲಿ ದುರಗವ್ವ ಹಿತ್ತಲಿನಿಂದ ಓಡಿಬಂದು ಆ ಕೈಯನ್ನೇ ಗಟ್ಟಿಯಾಗಿ ಹಿಡಿದಳು.

“ಬ್ಯಾಡ್ರೀ ಅಕ್ಕಾ! ವಾಂತಿ ಮಾಡಿಸಿದ್ರ ನೊರಿ ಉಸಿರಿನ ದಾರಿಗೆ ಹೋಗ್ತೈತಿ. ನನ್ನ ಮೊಮ್ಮಗಳು ಇಂಥದ್ದ ಕುಡದಾಗ ನರ್ಸಬಾಯಿ ಹೇಳಿದ್ಲು. ಬಾಯಿ ಮುಕ್ಕಳಿಸ್ಲಿ, ಒಂದ ಗುಟುಕು ನೀರು ಸಾಕು. ಆಟೋ ಕರೀರಿ. ಬಾಟ್ಲಿನೂ ತಗೋರಿ, ಡಾಕ್ಟರಿಗೆ ತೋರಿಸ್ಬೇಕು!”

ದಾರಿಯುದ್ದಕ್ಕೂ ಕಸ್ತೂರೆವ್ವ ನನ್ನನ್ನು ಎದೆಗೊತ್ತಿಕೊಂಡು ಮಾಸ್ತರ ಬೆನ್ನು ಸವರುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಚೀಟಿ ಓದಿ ಹುಬ್ಬು ಗಂಟಿಕ್ಕಿದರು. “ಇದು ಎಣ್ಣಿ ಬಾಟ್ಲಿ ಅಲ್ರೀ? ಅವ್ರು ತಿಂದಿದ್ದು ಎಲ್ಲೈತಿ? ಯಾರ್ ಮಾಡಿದ್ರು ಇದನ್ನ?”

ದುರಗವ್ವ ಅಲ್ಲಿರಲಿಲ್ಲ. ಪಾತ್ರೆಯವಳು ಎಂದು ಒಂದು ಮಾತು ಅಂದಿದ್ದರೆ ಎಲ್ಲರೂ ನಂಬುತ್ತಿದ್ದರು. ಕಸ್ತೂರೆವ್ವ ನನ್ನ ಮುಚ್ಚಳ ತೆಗೆದು ಡಾಕ್ಟರಮ್ಮನ ಮೂಗಿನ ಮುಂದೆ ಹಿಡಿದಳು.

“ಇದರಾಗಿಂದ ತಿಂದಾರ್ರೀ. ಸಬಕಾರ ತುಂಬ್ಸಿದಾಕಿ ನಾನ. ಬಡಿಸಿದಾಕೀನೂ ನಾನ.”

ಹೊತ್ತು ಮುಳುಗುವತನಕ ಮಾಸ್ತರ ಉಸಿರನ್ನೇ ಕಾಯುತ್ತ ಕೂತೆವು. “ವಾಂತಿ ಮಾಡಿಸದ ಇದ್ದದ್ದು ಛಲೋ ಆತು, ಅಪಾಯ ಇಲ್ಲ” ಎಂದು ಡಾಕ್ಟರಮ್ಮ ಹೇಳಿದ ಮೇಲೆ, ಕಸ್ತೂರೆವ್ವ ನೆಲಕ್ಕೆ ಕುಸಿದು ಬಾಯಿಬಿಟ್ಟು ಅತ್ತಳು.

ಖಾನಾವಳಿಗೆ ಬಂದವಳೇ ಈಳಿಗೆಗೆ ಕೊಟ್ಟು ನನ್ನ ಕುತ್ತಿಗೆ ಸೀಳಿದಳು. ಇನ್ನು ಯಾರೂ ನನ್ನಲ್ಲಿ ಏನನ್ನೂ ತುಂಬಲಾರರು. ಈಗ ನಾನು ಹಿತ್ತಲ ಬಾಗಿಲ ಬಳಿ ಗುಜರಿ ಚೀಲದಲ್ಲಿದ್ದೇನೆ. ನೋವಾಯಿತು, ಸುಳ್ಳೇಕೆ ಹೇಳಲಿ? ಆದರೂ ಒಳಗೊಂದು, ಹೊರಗೊಂದು ಹೊತ್ತು ನಿಲ್ಲುವ ಆ ಬಾಳಿಗಿಂತ ಈ ಹರಕು ಮೈಯೇ ವಾಸಿ.

ನಾಲ್ಕನೆಯ ದಿನ ಮಾಸ್ತರು ಊಟಕ್ಕೆ ಬಂದರು. ಕಸ್ತೂರೆವ್ವ ಹೊಸ ಎಣ್ಣೆಯೊಂದಿಗೆ ಅವರ ಮುಂದೆ ಬಂದಳು, ಆದರೆ ಕೈ ಬಗ್ಗಲೊಲ್ಲದು. ನಿಂತಲ್ಲೇ ನಾಲ್ಕು ಹನಿ ತನ್ನ ಅಂಗೈಗೆ ಹಾಕಿಕೊಂಡು ನೆಕ್ಕಿದಳು, ನುಂಗಿದಳು, ಸ್ವಲ್ಪ ತಡೆದಳು. ಮಾಸ್ತರು ತಟ್ಟೆಯನ್ನು ಮುಂದೆ ಸರಿಸಿದರು. ಇಂದಿಗೂ ಅಷ್ಟೆ, ಎಷ್ಟೇ ಜನ ಹಸಿದು ಕಾದಿರಲಿ, ಮೊದಲ ಹನಿ ಬೀಳುವುದು ಅವಳ ನಾಲಿಗೆಯ ಮೇಲೆ.